ಖೂರಿಯ ಮರಳಲ್ಲಿ ಕಾಲೆಣಿಸುತ್ತ

ಮೊದಲ ಪಾಠ ಬೂಟಿನದು. ಸಂಜೆ ಏಳು ದಾಟಿದ್ದರೂ ಹೊತ್ತು ಮುಳುಗಿರಲಿಲ್ಲ. ದೇಶದ ಪಶ್ಚಿಮದ ಅಂಚು ಇದು. ಸೂರ್ಯ ನಮ್ಮ ಕಡೆಗಿಂತ ಸಾವಕಾಶವಾಗಿ ಇಳಿಯುತ್ತಾನೆ. ಢಾಣಿ ಎನ್ನುವ ಪುಟ್ಟ ವಸತಿಯ ಅಂಗಳದಲ್ಲಿ ಕೂತು ಬೂಟಿಗೆ ಕಾಲು ತೂರಿಸಲು ಹೊರಟವಳನ್ನು ಕಾಕೋಸಾ ತಡೆದರು. ಎರಡನ್ನೂ ಇಸಿದುಕೊಂಡು, ತಲೆಕೆಳಗು ಮಾಡಿ, ಕಟ್ಟೆಯ ಅಂಚಿಗೆ ಮೂರು ಸಲ ಬಡಿದರು. ಒಂದರಿಂದ ಮರಳು ಬಿತ್ತು. ಇನ್ನೊಂದರಿಂದಲೂ ಮರಳೇ ಬಿತ್ತು. ‘ಇವತ್ತು ಬರೀ ಮರಳು, ಬಾಯ್‌ಸಾ. ನಾಳೆ ಬೆಳಿಗ್ಗೆಯೂ ಬಡಿದೇ ಹಾಕಿಕೊಳ್ಳಿ’ ಎಂದು ಕೈಗಿತ್ತರು. ಅರವತ್ತು ದಾಟಿದ ಒಂಟೆ ಸಾಕುವವರು. ಮುಂದಿನ ಒಂದು ರಾತ್ರಿ, ಒಂದು ಹಗಲು ಅವರೇ ನನ್ನ ದಾರಿ ತೋರುವವರು.

ಖೂರಿ ಇರುವುದು ಜೈಸಲ್ಮೇರಿನಿಂದ ನೈಋತ್ಯಕ್ಕೆ, 40 ಕಿ.ಮೀ.ಗಿಂತ ತುಸು ದೂರ. ಚಳಿಗಾಲದಲ್ಲಿ ಇಲ್ಲಿ ಒಂಟೆ ಸವಾರಿಗೆ, ಸೂರ್ಯಾಸ್ತದ ಫೋಟೋಗೆ ಜನ ಮುಗಿಬೀಳುತ್ತಾರೆ. ಜುಲೈಯಲ್ಲಿ ನರಪಿಳ್ಳೆ ಇರುವುದಿಲ್ಲ. ನಾನು ಜುಲೈಯನ್ನೇ ಆರಿಸಿಕೊಂಡದ್ದಕ್ಕೆ ಕಾರಣವಿದೆ. ವರ್ಷವಿಡೀ ಸೇರಿದರೂ 200 ಮಿ.ಮೀ. ಮುಟ್ಟದ ಮಳೆ ಈ ಜಿಲ್ಲೆಯದು. ಹತ್ತು ದಿನದ ಹಿಂದೆ ಒಂದು ಮಳೆ ಬಿದ್ದಿತ್ತು, ಮೊನ್ನೆ ರಾತ್ರಿ ಇನ್ನೊಂದು. ನೆಲದೊಳಗಿದ್ದದ್ದೆಲ್ಲ ಮೇಲೆ ಬರುವ ಹೊತ್ತು ಇದೇ. ಪಕ್ಕದಲ್ಲಿ 3,162 ಚದರ ಕಿ.ಮೀ. ಹರಡಿಕೊಂಡ ಮರುಭೂಮಿ ರಾಷ್ಟ್ರೀಯ ಉದ್ಯಾನವಿದೆ. ಅಲ್ಲಿಗೆ ಬರುವವರು ಎರ್ಲಡ್ಡು ಹಕ್ಕಿಗಾಗಿ ಬರುತ್ತಾರೆ, ನಮ್ಮ ಸಿರುಗುಪ್ಪದ ಎರೆಹೊಲಗಳಲ್ಲಿ ಬೆರಳೆಣಿಕೆಗೆ ಇಳಿದಿರುವ ಅದೇ ಹಕ್ಕಿ. ನಾನು ಬಂದದ್ದು ಆ ಹಕ್ಕಿ ಹೆಕ್ಕಿ ತಿನ್ನುವ ಹುಳಗಳಿಗಾಗಿ. ಉದ್ಯಾನದ ಬೇಲಿಯಾಚೆಗೇ ಇದ್ದು, ಏನನ್ನೂ ಹಿಡಿಯದೆ, ಡಬ್ಬಿಗೆ ಹಾಕದೆ, ಬರೀ ನೋಡಿ ಗುರುತಿಸುವುದು ನನ್ನ ಲೆಕ್ಕಾಚಾರ.

ಗುರುತಿಸಲು ಒಂದು ಸೂತ್ರವನ್ನೂ ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಬರೆದುಕೊಂಡಿದ್ದೆ. ಆರು ಕಾಲಿದ್ದರೆ ಕೀಟ. ಎಂಟಿದ್ದರೆ ಜೇಡ–ಚೇಳಿನ ಬಳಗ. ಹತ್ತೋ ಅದಕ್ಕಿಂತ ಹೆಚ್ಚೋ ಇದ್ದರೆ ಜರಿ, ಸಹಸ್ರಪದಿ ಇಲ್ಲವೇ ಸಿಗಡಿಯ ನೆಂಟರು. ಹೈಸ್ಕೂಲಿನಲ್ಲಿ ಕಲಿತದ್ದು ಇಷ್ಟೇ. ಈ ಎಲ್ಲವಕ್ಕೂ ಸೇರಿಸಿ ಸಂಧಿಪದಿಗಳು ಎಂದು ಹೆಸರು: ಕಾಲು ಗಿಣ್ಣುಗಿಣ್ಣಾಗಿ ಮಡಚುವ, ಎಲುಬನ್ನು ಒಳಗಲ್ಲದೆ ಮೈಮೇಲೆ ಕವಚವಾಗಿ ಹೊತ್ತ ಪ್ರಾಣಿಗಳು. ಕವಚ ಕೈಟಿನ್‌ನದು, ಅದರ ಮೇಲೆ ಮೇಣದ ತೆಳು ಲೇಪ. 2016ರ ಮೇ ತಿಂಗಳಲ್ಲಿ ಫಲೋಡಿಯಲ್ಲಿ ಉಷ್ಣತೆ 51 ಡಿಗ್ರಿ ಮುಟ್ಟಿದಾಗ ಈ ಜೀವಗಳು ಒಣಗಿ ಹೊಟ್ಟಾಗದೆ ಉಳಿದದ್ದರಲ್ಲಿ ಆ ಮೇಣದ ಪಾಲು ದೊಡ್ಡದು. ಸೂತ್ರವೇನೋ ಚೆನ್ನಾಗಿತ್ತು. ಮರುದಿನ ಮಧ್ಯಾಹ್ನದ ಹೊತ್ತಿಗೆ ಅದರ ಮೇಲೆ ಮೂರು ಕಡೆ ಗೀಟು ಬಿದ್ದಿತ್ತು.

ಢಾಣಿಯ ಹಿಂದೆ ಎಕ್ಕದ ಗಿಡಗಳ ಸಾಲು. ನಮ್ಮೂರ ಎಕ್ಕವೇ, ಆದರೆ ಇಲ್ಲಿ ಆಳೆತ್ತರ ಬೆಳೆಯುತ್ತದೆ. ಅದರ ಬುಡದಲ್ಲಿ ಕರೀ ದುಂಬಿಯೊಂದು ಅವಸರವೇ ಇಲ್ಲದೆ ನಡೆಯುತ್ತಿತ್ತು. ತಲೆ, ಎದೆ, ಹೊಟ್ಟೆ ಎಂಬ ಮೂರು ಭಾಗ, ಆರು ಕಾಲು, ಮಣಿ ಪೋಣಿಸಿದಂಥ ಒಂದು ಜೊತೆ ಕುಡಿಮೀಸೆ. ಕೀಟವೇ, ಅನುಮಾನವಿಲ್ಲ. ಇಂಗ್ಲಿಷಿನವರು ಕತ್ತಲೆಯ ದುಂಬಿ ಎನ್ನುವ ಟೆನೆಬ್ರಿಯಾನಿಡೇ ಕುಟುಂಬದ್ದು. ಜಗತ್ತಿನ ಯಾವ ಮರಳುಗಾಡಿಗೆ ಹೋದರೂ ಮೊದಲು ಎದುರಾಗುವವರು ಇವರೇ. ಬೆನ್ನ ಮೇಲಿನ ಎರಡು ರೆಕ್ಕೆಗವಚಗಳು ಇಂಥ ಬಹಳಷ್ಟು ಜಾತಿಗಳಲ್ಲಿ ಬೆಸೆದೇ ಹೋಗಿರುತ್ತವೆ. ಹಾರಾಟ ಬಂದ್. ಅದಕ್ಕೆ ಬದಲಾಗಿ ಕವಚದ ಕೆಳಗೆ ಮುಚ್ಚಿದ ಪೊಳ್ಳು ಜಾಗವೊಂದು ಸಿಗುತ್ತದೆ. ಉಸಿರಾಟದ ರಂಧ್ರಗಳು ತೆರೆಯುವುದು ಆ ಪೊಳ್ಳಿನೊಳಕ್ಕೆ. ಹೊರಗಿನ ಒಣಗಾಳಿ ನೇರ ತಾಗದ ಕಾರಣ ಉಸಿರಿನ ಜತೆ ಹೋಗುವ ನೀರು ಕಡಿಮೆ. ಅಂದರೆ ರೆಕ್ಕೆ ಕೊಟ್ಟು ನೀರು ಕೊಂಡ ವ್ಯಾಪಾರ. ಇದೇ ಕುಟುಂಬದ ನಮೀಬಿಯಾದ ದುಂಬಿ ಮಂಜಿಗೆ ಬೆನ್ನೊಡ್ಡಿ ತಲೆಕೆಳಗಾಗಿ ನಿಂತು ನೀರು ಕುಡಿಯುವ ಚಿತ್ರ ಎಲ್ಲರೂ ನೋಡಿದ್ದೇ. ಆ ಕಥೆಯನ್ನು ಎಲ್ಲ ಮರಳುಗಾಡಿಗೂ ಅಂಟಿಸುತ್ತಾರೆ. ನಮೀಬ್‌ಗೆ ಕಡಲಿನ ಮಂಜಿದೆ. ಜೈಸಲ್ಮೇರಿನ ದುಂಬಿಗೆ ಆ ಭಾಗ್ಯವಿಲ್ಲ.

ಹತ್ತು ಹೆಜ್ಜೆ ಮುಂದೆ ಇನ್ನೊಂದು ಕರೀ ದುಂಬಿ, ಬೆನ್ನ ಮೇಲೆ ಬಿಳಿ ಚುಕ್ಕೆಗಳು. ಇದಕ್ಕೆ ಮಾತ್ರ ಎಲ್ಲಿಲ್ಲದ ಅವಸರ. ಆರು ಚುಕ್ಕೆಯ ಆಂಥಿಯಾ, ಬೇಟೆಗಾರ. ಕೆಣಕಿದರೆ ಹಿಂದಿನಿಂದ ಆಮ್ಲ ಚಿಮ್ಮಿಸುತ್ತದೆ, ಕಣ್ಣಿಗೆ ಬಿದ್ದರೆ ಕೆಟ್ಟ ಉರಿ. ಬೆಂಗಳೂರು ಸುತ್ತಿನ ಕುರುಚಲು ಕಾಡಿನಲ್ಲಿ ಇದರ ವೇಷ ಹಾಕಿದ ಜಿರಲೆಯೊಂದಿದೆ, ಅದಕ್ಕೂ ಕಪ್ಪು ಮೈ, ಬಿಳಿ ಚುಕ್ಕೆ. ಅದನ್ನು ದುಂಬಿ ಎಂದು ವರ್ಷಗಟ್ಟಲೆ ನಂಬಿಕೊಂಡಿದ್ದವಳು ನಾನು. ದುಂಬಿಯ ರೆಕ್ಕೆಗವಚಗಳು ಬೆನ್ನ ನಡುವೆ ನೇರ ಗೆರೆಯಾಗಿ ಕೂಡುತ್ತವೆ, ಜಿರಲೆಯ ರೆಕ್ಕೆ ಒಂದರ ಮೇಲೊಂದು ಏರುತ್ತದೆ ಎಂದು ಯಾರೋ ತೋರಿಸಿಕೊಟ್ಟ ಮೇಲೆಯೇ ಕಣ್ಣು ತೆರೆದದ್ದು.

ದಿಬ್ಬದ ಬುಡಕ್ಕೆ ಬಂದಾಗ ಕತ್ತಲಾಯಿತು. ಕಾಕೋಸಾ ಬೀಡಿ ಹಚ್ಚಿ ಕೂತರು. ನಾನು ನೇರಳಾತೀತ ಬೆಳಕಿನ ಟಾರ್ಚು ತೆಗೆದೆ. ಮರಳು ಮಂಕು ನೇರಳೆಯಾಗಿ ಕಂಡಿತು, ಒಣ ಹುಲ್ಲಿನ ಎಸಳು ಅಲ್ಲಲ್ಲಿ ಬೆಳ್ಳಗೆ ಮಿನುಗಿತು. ಫೋಗ್ ಪೊದೆಯ ಅಡಿಗೆ ಬೆಳಕು ತಿರುಗಿಸಿದ್ದೇ ತಡ, ಯಾರೋ ಹಸಿರು ನಿಯಾನ್ ದೀಪ ಬಾಗಿಸಿ ಇಟ್ಟಂತೆ ಚೇಳು. ಮಾಮೂಲಿ ಟಾರ್ಚು ಹಾಕಿದರೆ ಮರಳಿನ ಬಣ್ಣ, ಅಲ್ಲಿ ಏನೂ ಇಲ್ಲ. ನೇರಳಾತೀತಕ್ಕೆ ಬದಲಿಸಿದರೆ ಮತ್ತೆ ಹಸಿರು. ಕಾಕೋಸಾ ಬೀಡಿ ಬಾಯಿಂದ ತೆಗೆದರು. ಹುಟ್ಟಿದಾಗಿನಿಂದ ಈ ಚೇಳುಗಳ ನಡುವೆ ಬದುಕಿದವರು ಅದು ಹೊಳೆಯುವುದನ್ನು ನೋಡಿದ್ದು ಅದೇ ಮೊದಲು. ಟಾರ್ಚು ಇಸಿದುಕೊಂಡು ಅರ್ಧ ಗಂಟೆ ವಾಪಸು ಕೊಡಲಿಲ್ಲ. ಒಟ್ಟು ಏಳು ಹುಡುಕಿದರು, ನಾಲ್ಕನೆಯದು ನಾನು ಚೀಲ ಇಟ್ಟಿದ್ದ ಜಾಗದಿಂದ ಎರಡು ಗೇಣು ದೂರದಲ್ಲಿ.

ಹೊಳಪು ಇರುವುದು ಹೊರಕವಚದಲ್ಲಿ. ಪೊರೆ ಬಿಟ್ಟ ಹೊಸತರಲ್ಲಿ, ಕವಚ ಇನ್ನೂ ಮೆತ್ತಗಿರುವಾಗ ಚೇಳು ಹೊಳೆಯುವುದಿಲ್ಲ. ಗಟ್ಟಿಯಾದಂತೆ ಹೊಳಪು ಬರುತ್ತದೆ. ಸತ್ತು ದಶಕಗಳಾದ ಮ್ಯೂಸಿಯಮ್ಮಿನ ಚೇಳು ಕೂಡ ಹೊಳೆಯುತ್ತದೆ. ಯಾಕೆ ಹೊಳೆಯಬೇಕು ಎಂಬುದಕ್ಕೆ ಹಲವು ವಾದಗಳಿವೆ, ತೀರ್ಮಾನ ಆಗಿಲ್ಲ.

ಸೂತ್ರದ ಮೇಲೆ ಮೊದಲ ಗೀಟು ಬಿದ್ದದ್ದು ಇಲ್ಲಿ. ಎಣಿಸಿದರೆ ಹತ್ತು ಬರುತ್ತದೆ. ಮುಂದಿನ ಜೋಡಿ ಇಕ್ಕಳ ಕಾಲಲ್ಲ, ಬಾಯಿಯ ಪಕ್ಕದ ಉಪಾಂಗ. ಜೇಡದಲ್ಲಿ ಅದೇ ಅಂಗ ಮೋಟು ಕಾಲಿನ ಹಾಗೆ ಇರುತ್ತದೆ, ಚೇಳಿನಲ್ಲಿ ಉಬ್ಬಿ ಇಕ್ಕಳವಾಗಿದೆ. ಅದನ್ನು ಬಿಟ್ಟರೆ ಎಂಟೇ. ಬಾಲವೆನ್ನುವುದೂ ಬಾಲವಲ್ಲ, ಹೊಟ್ಟೆಯೇ ಸಣ್ಣದಾಗಿ ಐದು ಮಣಿಗಳಾಗಿ ಮುಂದುವರಿದದ್ದು. ಮಲದ್ವಾರ ಇರುವುದು ಐದನೆಯ ಮಣಿಯ ತುದಿಯಲ್ಲಿ, ಕೊಂಡಿಗೆ ತಾಗಿಕೊಂಡು. ಹೊಟ್ಟೆಯಡಿಯಲ್ಲಿ ಬಾಚಣಿಗೆಯಂಥ ಒಂದು ಜೊತೆ ಅಂಗವಿದೆ, ನಡೆಯುವಾಗ ನೆಲ ಸವರುತ್ತ ವಾಸನೆ ಹಿಡಿಯುತ್ತದೆ. ಬಾಚಣಿಗೆ ಇದ್ದರೆ ಅದು ಚೇಳೇ. ಬೇರೆ ಯಾರಿಗೂ ಅದಿಲ್ಲ.

ಇಕ್ಕಳ ನೋಡಿ ವಿಷ ಅಳೆಯುವ ರೂಢಿಯೊಂದಿದೆ. ಇಕ್ಕಳ ದಪ್ಪ, ಬಾಲ ಸಪೂರ ಇದ್ದರೆ ಅದು ಬೇಟೆಯನ್ನು ಹಿಸುಕಿ ಕೊಲ್ಲುವ ಚೇಳು, ವಿಷ ಕಡಿಮೆ. ಇಕ್ಕಳ ಸಣಕಲು, ಬಾಲ ದಪ್ಪ ಇದ್ದರೆ ದೂರ ಇರಿ. ಮಲೆನಾಡಿನ ದೊಡ್ಡ ಕರಿಚೇಳು ನೋಡಿ ಹೌಹಾರುತ್ತೇವೆ, ಅದರ ಕುಟುಕು ನೋವಿಗಿಂತ ಮುಂದೆ ಹೋಗುವುದು ಅಪರೂಪ. ನಮ್ಮ ಬಯಲುಸೀಮೆಯ ಬೆರಳುದ್ದದ ಕೆಂಪು ಚೇಳು ಮಾತ್ರ ಹೃದಯಕ್ಕೇ ಕೈ ಹಾಕುತ್ತದೆ. ಅದು ಕುಟುಕಿದವರನ್ನು ಸಾಮಾನ್ಯ ರಕ್ತದೊತ್ತಡದ ಮಾತ್ರೆಯಾದ ಪ್ರಾಜೋಸಿನ್‌ನಿಂದ ಬದುಕಿಸಬಹುದೆಂದು ತೋರಿಸಿಕೊಟ್ಟವರು ಮಹಾರಾಷ್ಟ್ರದ ಮಹಾಡ್‌ನ ವೈದ್ಯ ಹಿಮ್ಮತ್‌ರಾವ್ ಬಾವಸ್ಕರ್. 2022ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಇಂದು ಹೊಳೆದ ಏಳರಲ್ಲಿ ಆರು ಸಣಕಲು ಇಕ್ಕಳದವು. ರೂಢಿ ರೂಢಿಯೇ, ಕೈ ಇಟ್ಟು ಪರೀಕ್ಷಿಸುವ ಸಂಗತಿಯಲ್ಲ. ಕಾಕೋಸಾಗೆ ಈ ಎರಡು ಗುಂಪು ಗೊತ್ತೇ ಇತ್ತು. ‘ಹಳದಿಯದು ಒಂದು ರಾತ್ರಿ ಅಳಿಸುತ್ತದೆ, ಬಾಲ ದಪ್ಪದ್ದು ಮನೆಮಂದಿಯನ್ನೆಲ್ಲ ಅಳಿಸುತ್ತದೆ’ ಎಂದರು.

ಒಂದು ಚೇಳು ಎಷ್ಟೋ ಹೊತ್ತು ಕದಲದೆ ಕೂತಿತ್ತು. ಎಂಟು ಕಾಲು ಅಗಲಿಸಿ, ವೃತ್ತ ಬರೆದಂತೆ ಪಾದ ಊರಿತ್ತು. ಕ್ಯಾಲಿಫೋರ್ನಿಯಾದ ಮೊಹಾವಿ ಮರಳುಗಾಡಿನ ಚೇಳುಗಳನ್ನು 1970ರ ದಶಕದಲ್ಲಿ ಅಭ್ಯಾಸ ಮಾಡಿದ ಫಿಲಿಪ್ ಬ್ರೌನೆಲ್ ಇದರ ಗುಟ್ಟು ಬಿಡಿಸಿದರು. ಹುಳವೊಂದು ಹತ್ತಿರದಲ್ಲಿ ಮಿಸುಕಿದರೆ ಮರಳಿನಲ್ಲಿ ಅಲೆ ಏಳುತ್ತದೆ. ಅಲೆ ಯಾವ ಪಾದಕ್ಕೆ ಮೊದಲು, ಯಾವುದಕ್ಕೆ ಆಮೇಲೆ ತಲುಪಿತು ಎಂಬ ಅಂತರದಿಂದ ಚೇಳು ದಿಕ್ಕು ಹಿಡಿಯುತ್ತದೆ. ಎಂಟು ಪಾದವೂ ಕಿವಿ. ಇದು ತಿಳಿದ ಮೇಲೆ ನನಗೆ ಮರಳಿನ ಮೇಲೆ ಬೂಟು ಹಾಕಿ ನಡೆಯುವುದೇ ದೊಡ್ಡ ಗದ್ದಲ ಎನಿಸತೊಡಗಿತು.

ರಾತ್ರಿ ಊಟಕ್ಕೆ ವಾಪಸಾದೆವು. ಬಾಜ್ರಾ ರೊಟ್ಟಿ, ಕೇರ್ ಸಾಂಗ್ರಿ ಪಲ್ಯ. ಸಾಂಗ್ರಿ ಎಂದರೆ ಖೇಜಡಿಯ ಕಾಯಿ. ಖೇಜಡಿ ಎಂದರೆ ದಸರೆಗೆ ನಾವು ಎಲೆ ಹಂಚುವ ಬನ್ನಿಮರವೇ. ಅಂಗಳದ ಬಲ್ಬಿಗೆ ಪತಂಗಗಳು ಮುತ್ತಿದ್ದವು. ಅವುಗಳ ಹಿಂದೆ ಬಂತು ನೋಡಿ, ಗೋಡೆಯ ಬುಡದಿಂದ, ಗಾಳಿಗೆ ಉರುಳಿದ ನಾರಿನ ಉಂಡೆಯ ಹಾಗೆ. ಅಂಗೈ ಅಗಲ, ಹಳದಿ ರೋಮ. ರೊಟ್ಟಿ ತಟ್ಟೆ ಬಿಟ್ಟು ಎದ್ದ ಕಾಕೋಸಾ ಜೋಡು ಕೈಗೆತ್ತಿಕೊಂಡರು. ಬೇಡ ಬೇಡ ಎಂದು ಕೈಮುಗಿದೆ. ಅದು ಪತಂಗವೊಂದನ್ನು ಹಿಡಿದು ಕೂತಾಗ ಎಣಿಸಿದೆ: ಹತ್ತು.

ಇದು ಒಂಟೆಜೇಡ, ಸಾಲಿಫ್ಯೂಜ್. ಹೆಸರಲ್ಲಿ ಜೇಡ ಇದ್ದರೂ ಜೇಡವಲ್ಲ. ಜೇಡಕ್ಕೆ ಎರಡು ಭಾಗದ ಮೈ, ನಡುವೆ ದಾರ ಕಟ್ಟಿ ಬಿಗಿದಂಥ ಸೊಂಟ. ಇದಕ್ಕೆ ಸೊಂಟವಿಲ್ಲ, ಹೊಟ್ಟೆಯಲ್ಲಿ ಉಂಗುರ ಉಂಗುರದ ಗೆರೆ. ಜೇಡಕ್ಕೆ ಸಾಮಾನ್ಯವಾಗಿ ಎಂಟು ಕಣ್ಣು, ಇದಕ್ಕೆ ನೆತ್ತಿಯ ಮುಂಚೂಣಿಯಲ್ಲಿ ಎದ್ದು ಕಾಣುವವು ಎರಡೇ. ನೂಲು ತೆಗೆಯುವುದಿಲ್ಲ. ವಿಷವೂ ಇಲ್ಲ. ಇರುವುದು ಬಾಯಿ. ತಲೆಯ ಮುಂದೆ ಮೇಲೆ ಕೆಳಗೆ ಆಡುವ ಒಂದು ಜೊತೆ ಕತ್ತರಿ, ತಲೆಯಷ್ಟೇ ದೊಡ್ಡವು. ಪತಂಗ ತಿನ್ನುವ ಸದ್ದು ಮೂರು ಮಾರು ದೂರ ಕೂತ ನನಗೆ ಕೇಳಿಸಿತು, ಹಪ್ಪಳ ಮುರಿದಂತೆ.

ಕಾಲಿನ ಲೆಕ್ಕ ಹೀಗೆ. ಮುಂದಿನ ಉದ್ದನೆ ಜೋಡಿ ಕಾಲಲ್ಲ, ಚೇಳಿನಲ್ಲಿ ಇಕ್ಕಳವಾದ ಅಂಗವೇ ಇಲ್ಲಿ ಕಾಲಿನಂತೆ ಚಾಚಿದೆ, ತುದಿಯಲ್ಲಿ ಅಂಟುವ ಮೆತ್ತೆ ಇದೆ. ಉಳಿದದ್ದು ಎಂಟು. ಅದರಲ್ಲೂ ಮೊದಲ ಜೋಡಿ ಸಪೂರ. ಅದನ್ನು ಎತ್ತಿ ಹಿಡಿದು ತಡಕಾಡಲು ಬಳಸುತ್ತದೆ. ಓಡುವುದು ಹಿಂದಿನ ಆರರಲ್ಲಿ. ಹತ್ತು ಕಂಡು, ಎಂಟಿದ್ದು, ಆರರಲ್ಲಿ ಓಡುವ ಪ್ರಾಣಿಗೆ ನನ್ನ ಸೂತ್ರ ಏನು ಹೇಳಬೇಕು! ನೋಟ್‌ಬುಕ್ಕಿನಲ್ಲಿ ಎರಡನೆಯ ಗೀಟು.

2004ರ ಸುಮಾರಿಗೆ ಇರಾಕಿನಿಂದ ಬಂದ ಫೋಟೋ ಒಂದರಲ್ಲಿ ಇವು ಸೈನಿಕನ ಕಾಲಿನುದ್ದ ಕಾಣುತ್ತಿದ್ದವು. ಕ್ಯಾಮೆರಾಗೆ ತೀರಾ ಹತ್ತಿರ ಹಿಡಿದ, ಒಂದನ್ನೊಂದು ಕಚ್ಚಿಕೊಂಡ ಎರಡು ಪ್ರಾಣಿಗಳ ಚಿತ್ರವದು. ಮನುಷ್ಯನ ಬೆನ್ನಟ್ಟುತ್ತದೆ ಎಂಬ ಕಥೆಗೂ ಸರಳ ಕಾರಣವಿದೆ. ಹಗಲಲ್ಲಿ ಹೊರಬಿದ್ದ ಒಂಟೆಜೇಡ ನೆರಳಿಗೆ ಓಡುತ್ತದೆ. ಹತ್ತಿರದ ನೆರಳು ನಿಮ್ಮದಾದರೆ ನಿಮ್ಮ ಹಿಂದೆ ಓಡುತ್ತದೆ, ನೀವು ಓಡಿದರೆ ನೆರಳೂ ಓಡುತ್ತದೆ. ವಿಷವಿಲ್ಲ ಎಂದು ನಾನೆಷ್ಟೇ ಹೇಳಿದರೂ ಕಾಕೋಸಾ ಒಪ್ಪಲಿಲ್ಲ. ‘ನಿಮ್ಮ ಪುಸ್ತಕದಲ್ಲಿ ಇಲ್ಲದಿರಬಹುದು’ ಎಂದು ಜೋಡನ್ನು ಮಂಚದ ಪಕ್ಕದಲ್ಲೇ ಇಟ್ಟುಕೊಂಡು ಮಲಗಿದರು.

ಮಲಗುವ ಮುನ್ನ ಟಾರ್ಚನ್ನು ಹಣೆಯ ಮಟ್ಟಕ್ಕೆ ಹಿಡಿದು ಬಯಲಿನತ್ತ ತಿರುಗಿಸಿದೆ. ನೆಲದ ತುಂಬ ಇಬ್ಬನಿಯಂಥ ಚುಕ್ಕಿ ಬೆಳಕು. ಇಬ್ಬನಿಯಲ್ಲ, ತೋಳಜೇಡಗಳ ಕಣ್ಣು. ಬೆಕ್ಕಿನ ಕಣ್ಣಿನ ಹಾಗೆ ಬೆಳಕನ್ನು ಬಂದ ದಾರಿಗೇ ಮರಳಿಸುತ್ತವೆ. ಬಲೆ ನೇಯದೆ ಓಡಿ ಹಿಡಿಯುವ ಜೇಡಗಳಿವು. ಜೇಡವೇ ಎಂದು ಖಾತ್ರಿ ಮಾಡಿಕೊಳ್ಳಲು ಸೊಂಟ ನೋಡಿ, ಹೊಟ್ಟೆಯ ತುದಿಯ ನೂಲುಗೊಳವೆ ನೋಡಿ. ಸಾಕು.

ಬೆಳಿಗ್ಗೆ ಬೂಟು ಬಡಿದೆ. ಈ ಸಲ ಒಂದು ಕರೀ ದುಂಬಿ ಬಿತ್ತು, ಮೈ ಕೊಡವಿಕೊಂಡು ಹೋಯಿತು.

ಆರು ಗಂಟೆಯ ದಿಬ್ಬದ ಮೇಲೆ ರಾತ್ರಿಯ ವರದಿ ಪೂರ್ತಿ ಬರೆದಿರುತ್ತದೆ, ಗಾಳಿ ಏಳುವ ಮೊದಲು ಓದಬೇಕು. ದುಂಬಿಯದು ಹೊಲಿಗೆ ಹಾಕಿದಂತೆ ಒತ್ತಾದ ಚುಕ್ಕಿಗಳ ಎರಡು ಸಾಲು. ಗುಂಡಗಿನ ಸಣ್ಣ ಆಲಿಕೆಯ ಗುಂಡಿಗಳು ಪೊದೆಯ ಬುಡದಲ್ಲಿ. ನಾವು ಹುಡುಗರಿದ್ದಾಗ ಜಗಲಿಯ ಕೆಳಗಿನ ಧೂಳಿನಲ್ಲಿ ಊದಿ ಕೆದಕುತ್ತಿದ್ದ ಗುಬ್ಬಿಹುಳದ ಮನೆ. ಗುಂಡಿಗೆ ಇರುವೆ ಜಾರಿದರೆ ತಳದಿಂದ ಮರಳೆರಚಿ ಬೀಳಿಸುವ ಈ ದವಡೆಹುಳ ಮುಂದೆ ಕೊಡತಿಯನ್ನು ಹೋಲುವ, ಜಾಲರಿ ರೆಕ್ಕೆಯ ಕೀಟವಾಗುತ್ತದೆ. ಅಲ್ಲೇ ಒಂಟೆಯ ಹಿಕ್ಕೆಯಿಂದ ಉಂಡೆ ಕಟ್ಟಿ ಉರುಳಿಸುವ ಸಗಣಿಹುಳ. ಉಂಡೆಯ ಮೇಲೆ ಹತ್ತಿ ಒಂದು ಸುತ್ತು ಕುಣಿದು ದಿಕ್ಕು ನೋಡಿಕೊಂಡು ಇಳಿಯಿತು. ದಕ್ಷಿಣ ಆಫ್ರಿಕಾದಲ್ಲಿ ಇದರ ನೆಂಟನೊಂದು ಆಕಾಶಗಂಗೆಯ ಪಟ್ಟಿ ನೋಡಿ ನೇರ ನಡೆಯುತ್ತದೆಂದು 2013ರಲ್ಲಿ ತೋರಿಸಿದರು. ಹುಳದ ತಲೆಗೆ ಪುಟ್ಟ ರಟ್ಟಿನ ಟೋಪಿ ಹಾಕಿ, ಜೊಹಾನೆಸ್‌ಬರ್ಗ್‌ನ ತಾರಾಲಯದೊಳಗೆ ಬಿಟ್ಟು.

ಖೇಜಡಿಯ ಕೆಳಗೆ ಕಾಕೋಸಾರ ಮೊಮ್ಮಗಳು ಕೂಗಿದಳು: ‘ಡೋಕರಿ! ಡೋಕರಿ!’ ಒದ್ದೆ ಮರಳಿನ ಮೇಲೆ ಕುಂಕುಮದ ಹನಿ ನಡೆದು ಹೋಗುತ್ತಿತ್ತು. ಸಾವನ್ ಕೀ ಡೋಕರಿ, ಶ್ರಾವಣದ ಮುದುಕಿ. ಹಿಂದಿಯಲ್ಲಿ ಬೀರ್ ಬಹೂಟಿ. ಹಳೆಯ ಕಾವ್ಯಗಳಲ್ಲಿ ಮಳೆಯ ಜತೆ ಬರುವ ಕೆಂಪು ಇಂದ್ರಗೋಪ. ನಮ್ಮ ಕಡೆ ಮಿರಗದ ಮಳೆಗೆ ಹೊಲದಲ್ಲಿ ಕಾಣುತ್ತಿದ್ದ ಮಖಮಲ್ಲಿನ ಹುಳ, ಬೆಂಕಿಪೊಟ್ಟಣದಲ್ಲಿ ಹುಲ್ಲು ಹಾಸಿ ಇಟ್ಟುಕೊಳ್ಳುತ್ತಿದ್ದೆವು. ನಾನು ಮಂಡಿಯೂರಿ ಅತ್ತರೆ ಅದು ಬೆಳಗಿನ ಹೊಗೆಯಿಂದ ಎಂದುಕೊಂಡಿರಬೇಕು ಆ ಹುಡುಗಿ.

ಕೀಟವಲ್ಲ ಇದು. ಎಂಟು ಕಾಲು, ಕುಡಿಮೀಸೆ ಇಲ್ಲ. ನುಸಿ, ಜೇಡದ ಬಳಗ. ಮೈ ಒಂದೇ ಮುದ್ದೆ. ಚೇಳಿನ ಮಣಿಯಾಗಲಿ ಜೇಡದ ಸೊಂಟವಾಗಲಿ ಇಲ್ಲ. ವರ್ಷದ ಬಹುಪಾಲು ನೆಲದೊಳಗೆ. ಮಳೆ ಬಿದ್ದ ಮೇಲೆ ಕೆಲವು ದಿನ, ದಿನಕ್ಕೆ ಕೆಲವೇ ಗಂಟೆ ಮೇಲೆ ಬರುತ್ತವೆ. ಈ ಸೊಬಗಿನ ಮುದುಕಿಯ ಬಾಲ್ಯ ಅಷ್ಟು ಸೊಬಗಿನದಲ್ಲ: ಮರಿ, ಮಿಡತೆಯಂಥ ಕೀಟಗಳಿಗೆ ಅಂಟಿಕೊಂಡು ರಸ ಹೀರಿ ಬೆಳೆಯುತ್ತದೆ. ಆಗ ಅದಕ್ಕೆ ಆರೇ ಕಾಲು. ನುಸಿ, ಉಣುಗುಗಳ ವಂಶದಲ್ಲಿ ಸಾಮಾನ್ಯವಾಗಿ ಮೊಟ್ಟೆಯೊಡೆದ ಮರಿಗೆ ಆರು. ಪೊರೆ ಬಿಟ್ಟ ಮೇಲೆ ನಾಲ್ಕನೆಯ ಜೋಡಿ ಬರುತ್ತದೆ. ಮೂರನೆಯ ಗೀಟು.

ಅಲ್ಲೇ ಕೂತು ಸೂತ್ರ ತಿದ್ದಿದೆ. ಕಾಲು ಬಿಡು, ಕುಡಿಮೀಸೆ ನೋಡು. ಕೀಟಕ್ಕೆ ಒಂದು ಜೊತೆ. ಜರಿ, ಸಹಸ್ರಪದಿಗೆ ಒಂದು ಜೊತೆ. ಸಿಗಡಿಯ ಬಳಗಕ್ಕೆ ಎರಡು ಜೊತೆ. ಜೇಡ, ಚೇಳು, ಒಂಟೆಜೇಡ, ನುಸಿ, ಉಣುಗು ಯಾರಿಗೂ ಇಲ್ಲ. ಮೀಸೆಯ ಲೆಕ್ಕದಲ್ಲಿ ಮೋಸ ಮಾಡುವವರು ಬಹಳ ಕಡಿಮೆ. ಕೆಂಜಿಗದ ವೇಷ ಹಾಕುವ ಜಿಗಿಜೇಡವೊಂದು ನಮ್ಮ ಮಾವಿನ ತೋಪುಗಳಲ್ಲಿದೆ. ಅದು ಮುಂಗಾಲು ಎತ್ತಿ ಆಡಿಸುತ್ತ ಮೀಸೆಯ ನಟನೆ ಮಾಡುತ್ತದೆ. ಅಷ್ಟು ಕಷ್ಟಪಟ್ಟ ಜೇಡದ ಮುಂದೆ ಸೋತರೆ ಅವಮಾನವೇನಿಲ್ಲ.

ಕಲ್ಲೊಂದನ್ನು, ಅಡಿಯಲ್ಲಿದ್ದದ್ದು ನಮ್ಮ ಕಡೆಗೆ ಬಾರದಂತೆ, ಆಚೆ ಬದಿಯಿಂದ ಎತ್ತಿ ತೋರಿಸಿದರು ಕಾಕೋಸಾ. ಜರಿ. ಮಣಿಗೊಂದು ಜೋಡಿ ಕಾಲು, ಚಪ್ಪಟೆ ಮೈ, ಮಿಂಚಿನ ಓಟ, ಮುಂದಿನ ಜೋಡಿ ವಿಷದ ಕೊಕ್ಕೆ. ಸಹಸ್ರಪದಿಗಾದರೆ ಮಣಿಗೆ ಎರಡು ಜೋಡಿ, ಕೊಳವೆಯಂಥ ಮೈ, ಮುಟ್ಟಿದರೆ ಚಕ್ಕುಲಿ. ಶತಪದಿ ಎನ್ನುವ ಪುಸ್ತಕದ ಹೆಸರು ಕೇಳಿದಾಗಲೆಲ್ಲ ನನಗೆ ನಗು: ಬೆಳೆದ ಜರಿಯ ಕಾಲಿನ ಜೋಡಿಗಳು ಬೆಸ ಸಂಖ್ಯೆಯವು, ಐವತ್ತು ಜೋಡಿಯಾಗಲು ದಾರಿಯೇ ಇಲ್ಲ. ಸಹಸ್ರಪದಿಯ ಮಾನ ಮಾತ್ರ 2021ರಲ್ಲಿ ಉಳಿಯಿತು, ಆಸ್ಟ್ರೇಲಿಯಾದ ನೆಲದಾಳದಲ್ಲಿ 1,306 ಕಾಲಿನದು ಸಿಕ್ಕಿತು.

ಊರ ಹೊರಗಿನ ನಾಡಿಗೆ ಬಂದೆವು. ನಾಡಿ ಎಂದರೆ ಇಲ್ಲಿ ಮಳೆನೀರು ನಿಲ್ಲುವ ಹೊಂಡ. ಮೊಳಕಾಲುದ್ದ ನೀರು, ಮಜ್ಜಿಗೆ ಬಣ್ಣ. ಹತ್ತು ದಿನದ ಹಿಂದೆ ಇದು ಬಿರುಕು ಬಿಟ್ಟ ಒಣ ಮಣ್ಣು. ಚಹಾದ ಲೋಟದಲ್ಲಿ ನೀರು ಮೊಗೆದು ಬೆಳಕಿಗೆ ಹಿಡಿದೆ. ಬೆರಳುಗುರಿನುದ್ದದ, ಗಾಜಿನಂಥ ಐದಾರು ಜೀವಗಳು ಬೆನ್ನು ಕೆಳಗೆ ಮಾಡಿ ಅಂಗಾತ ಈಜುತ್ತಿದ್ದವು. ಕಡ್ಡಿಯ ತುದಿಗೆ ಕೂರಿಸಿದಂಥ ಎರಡು ಕರಿ ಕಣ್ಣು. ಹನ್ನೊಂದು ಜೋಡಿ ಎಲೆಗಾಲುಗಳು ಅಲೆ ಅಲೆಯಾಗಿ ಆಡುತ್ತ ಈಜಿಗೂ ಆಯಿತು, ಉಸಿರಾಟಕ್ಕೂ ಆಯಿತು, ಊಟ ಸೋಸುವುದಕ್ಕೂ ಆಯಿತು. ಫೇರಿ ಶ್ರಿಂಪ್, ಸಿಗಡಿಯ ಬಳಗದ್ದು. ಮರಳುಗಾಡಿನ ನಡುವೆ!

ಕಾಕೋಸಾಗೆ ಇದಕ್ಕೆ ಬೇರೆ ಹೆಸರಿರಲಿಲ್ಲ. ‘ಪಾಣೀ ರಾ ಜೀವ್. ಮಳೆಯ ಜತೆ ಬೀಳುತ್ತವೆ’ ಎಂದರು. ಬೀಳುವುದಿಲ್ಲ, ಇಲ್ಲೇ ಇರುತ್ತವೆ. ನೀರು ಬತ್ತುವ ಮುನ್ನ ಹೆಣ್ಣು ಇಟ್ಟ ಗಟ್ಟಿ ಚಿಪ್ಪಿನ ಮೊಟ್ಟೆಗಳು ಮಣ್ಣಿನ ಜತೆ ಒಣಗಿ, ಬಿಸಿಲಿಗೆ ಕಾದು, ಗಾಳಿಗೆ ಹಾರಿ, ವರ್ಷಗಟ್ಟಲೆ ಕಾಯುತ್ತವೆ. ನೀರು ತಾಗಿದರೆ ಒಡೆದು, ಎರಡು–ಮೂರು ವಾರದಲ್ಲಿ ಬೆಳೆದು, ಕೂಡಿ, ಮೊಟ್ಟೆಯಿಟ್ಟು ಮುಗಿಯುತ್ತವೆ. ನನಗೆ ಬಹಳ ಇಷ್ಟವಾದದ್ದು ಒಂದು: ಮೊದಲ ಮಳೆಗೆ ಎಲ್ಲ ಮೊಟ್ಟೆಗಳೂ ಒಡೆಯುವುದಿಲ್ಲ. ಒಂದಷ್ಟು ಸುಮ್ಮನಿರುತ್ತವೆ, ಮಳೆ ಕೈಕೊಟ್ಟು ಹೊಂಡ ನಡುವೆಯೇ ಬತ್ತಿದರೆ ಎಂದು. ಮಿರಗದ ಮಳೆ ನಂಬಿ ಇದ್ದಬದ್ದ ಬೀಜವನ್ನೆಲ್ಲ ಬಿತ್ತದೆ, ಒಂದು ಪಾಲು ಕಣಜದಲ್ಲಿಟ್ಟ ನನ್ನಜ್ಜನ ಬುದ್ಧಿ ಅದು. ಈ ಗಾಜಿನ ಜೀವ ಚೇಳಿಗಿಂತ ರಾತ್ರಿಯ ಕರೀ ದುಂಬಿಗೆ ಹತ್ತಿರದ ನೆಂಟ. ಕೀಟಗಳು ಕವಲೊಡೆದದ್ದು ಸಿಗಡಿಯ ಬಳಗದೊಳಗಿಂದಲೇ ಎಂಬುದನ್ನು ಈಗ ವಂಶವಾಹಿಗಳ ಅಧ್ಯಯನ ಗಟ್ಟಿಮಾಡಿದೆ. ದುಂಬಿಯೂ ಚೇಳೂ ಒಂದೇ ಮರಳಲ್ಲಿ ನಡೆಯುತ್ತವೆ, ಆದರೆ ರಕ್ತಸಂಬಂಧ ಹೊಂಡದ ಕಡೆಗಿದೆ.

ಲೋಟದ ನೀರನ್ನು ಹೊಂಡಕ್ಕೇ ಸುರಿದೆ.

ಹನ್ನೊಂದಕ್ಕೆ ಬಯಲು ಖಾಲಿಯಾಯಿತು. ಹಲ್ಲಿ ಕೂಡ ಪೊದೆ ಸೇರಿತು. ಆಗ ಹೊರಟವು ಉದ್ದ ಕಾಲಿನ, ಹೊಟ್ಟೆ ಮೇಲೆತ್ತಿದ ಕಟಗ್ಲೀಫಿಸ್ ಇರುವೆಗಳು. ಬಿಸಿಲಿಗೆ ಸತ್ತ ಹುಳ ಹೆಕ್ಕುವುದು ಇವರ ಕಸುಬು. ಗೆದ್ದಲಿಗೂ ಇರುವೆಗೂ ವ್ಯತ್ಯಾಸ ಕೇಳುವವರಿಗೆ ಇವನ್ನು ತೋರಿಸಬೇಕು: ಸೊಂಟ ಸಪೂರ, ಕುಡಿಮೀಸೆ ಮೊಣಕೈಯಂತೆ ಮಡಚಿದ್ದು. ಗೆದ್ದಲಿಗೆ ಸೊಂಟವಿಲ್ಲ, ಮೀಸೆ ನೇರ ಮಣಿಸರ. ಅದು ಜಿರಲೆಯ ಮನೆತನ. ವಾಸನೆಯ ಗೆರೆ ಬಿಸಿಲಲ್ಲಿ ನಿಲ್ಲದ ಕಾರಣ ಈ ಇರುವೆಗಳು ಆಕಾಶದ ಬೆಳಕಿನಿಂದ ದಿಕ್ಕು ತಿಳಿಯುತ್ತವೆ, ದೂರಕ್ಕೆ ಹೆಜ್ಜೆ ಲೆಕ್ಕವಿಡುತ್ತವೆ. ಟ್ಯುನೀಷಿಯಾದಲ್ಲಿ ರೂಡಿಗರ್ ವೇನರ್ ಮತ್ತು ಸಂಗಡಿಗರು ಇರುವೆಗಳ ಕಾಲಿಗೆ ಹಂದಿಯ ಬಿರುಗೂದಲಿನ ಮರಗಾಲು ಅಂಟಿಸಿದರು. ಹೆಜ್ಜೆ ಉದ್ದವಾಗಿ ಗೂಡನ್ನು ದಾಟಿ ಮುಂದೆ ಹೋಗಿ ಹುಡುಕಿದವು. 2006ರಲ್ಲಿ ಪ್ರಕಟವಾದ ಈ ಪ್ರಯೋಗ ಓದಿದಾಗಿನಿಂದ ಕಾಲೆಣಿಸುವವಳು ನಾನೊಬ್ಬಳೇ ಅಲ್ಲ ಎಂಬ ಸಮಾಧಾನ ನನಗೆ.

ಸೇವಣ ಹುಲ್ಲಿನಿಂದ ಮಿಡತೆಯೊಂದು ಹಾರಿತು, ಮರಳಿನ ಬಣ್ಣ, ಒಂಟಿ. ಕಾಕೋಸಾ ಕಾಲಿಂದ ಹುಲ್ಲು ಸರಿಸಿ ಇನ್ನೊಂದಿದೆಯೇ ಎಂದು ನೋಡಿದರು. 2019ರಲ್ಲಿ, ಮತ್ತೆ 2020ರಲ್ಲಿ ಟಿಡ್ಡಿ ದಂಡು ಬಂದಾಗ ತಟ್ಟೆ ಬಡಿದೂ ಬಡಿದೂ ಕೈ ಊದಿದ್ದವರು. 2020ರ ಮೇಯಲ್ಲಿ ದಂಡು ಜೈಪುರದ ಮನೆಗಳ ಮೇಲೂ ಹಾರಿತು. ಭಾರತ ಮಿಡತೆ ಎಚ್ಚರಿಕೆ ಸಂಸ್ಥೆ ಕಟ್ಟಿದ್ದು 1939ರಲ್ಲಿ, ಈ ಗಡಿಯ ಕಾಟಕ್ಕಾಗಿಯೇ. ಗುರುತಿಸುವ ವಿದ್ಯೆ ಅತಿ ಹೆಚ್ಚು ಎಡವಿದ್ದು ಮಿಡತೆಯಲ್ಲೇ. ಒಂಟಿಯಾಗಿದ್ದಾಗ ಒಂದು ಬಣ್ಣ, ದಂಡು ಸೇರಿದಾಗ ಇನ್ನೊಂದು ಬಣ್ಣ, ನಡವಳಿಕೆಯೂ ಬೇರೆ. ಎರಡು ಜಾತಿ ಎಂದೇ ಪುಸ್ತಕದಲ್ಲಿ ಬರೆದಿದ್ದ ಇಂಥ ಮಿಡತೆಗಳು ಒಂದೇ ಜಾತಿಯ ಎರಡು ಅವಸ್ಥೆ ಎಂದು ಬೋರಿಸ್ ಉವಾರೊವ್ 1921ರಲ್ಲಿ ಹೇಳಿದರು. ಮರುಭೂಮಿ ಮಿಡತೆಯ ಹಿಂಗಾಲ ತೊಡೆಗೆ ಸಂಗಾತಿಗಳ ಮೈ ಪದೇ ಪದೇ ತಾಗಿದರೆ ಒಂಟಿ ಮಿಡತೆ ಕೆಲವೇ ಗಂಟೆಗಳಲ್ಲಿ ದಂಡಿನ ಗುಣಕ್ಕೆ ತಿರುಗುತ್ತದೆ. ಇನ್ನೊಂದು ಸಿಗಲಿಲ್ಲ. ಕಾಕೋಸಾ ಮುಂದೆ ನಡೆದರು.

ಕೊನೆಯ ನಿಲ್ದಾಣ ಒಂಟೆ ಕಟ್ಟುವ ಜಾಗ. ಖೇಜಡಿಯ ನೆರಳು, ಹಿಕ್ಕೆಯ ಪುಡಿ. ಎರಡು ನಿಮಿಷ ನಿಂತಿದ್ದೆ ಅಷ್ಟೇ. ಮರಳಿನಿಂದ ಕಂದು ಚಪ್ಪಟೆ ಕಾಳುಗಳು ಎದ್ದು ನನ್ನ ಕಡೆಗೆ ಓಡತೊಡಗಿದವು, ಪಟ್ಟೆ ಪಟ್ಟೆ ಕಾಲು. ಒಂಟೆಯ ಉಣುಗು, ಹಯಲೋಮಾ. ನಮ್ಮ ದನದ ಕೊಟ್ಟಿಗೆಯ ಉಣುಗು ಹುಲ್ಲಿನ ತುದಿಯಲ್ಲಿ ಕಾಯುತ್ತದೆ, ಇದು ಕಾಯುವುದಿಲ್ಲ. ಉಸಿರು, ಹೆಜ್ಜೆಯ ಕಂಪನ ಹಿಡಿದು ಬೆನ್ನಟ್ಟುತ್ತದೆ. ಎಂಟು ಕಾಲು, ಮೀಸೆಯಿಲ್ಲ, ತಲೆ–ಹೊಟ್ಟೆಯ ಭೇದವಿಲ್ಲದ ಒಂದೇ ಚೀಲ. ನಿಂತು ಎಣಿಸುವಷ್ಟು ಧೈರ್ಯ ನನಗಿರಲಿಲ್ಲ, ದೂರ ಹಾರಿ ಎಣಿಸಿದೆ. ಕಾಕೋಸಾ ನಕ್ಕರು. ಒಂಟೆಜೇಡಕ್ಕೆ ಜೋಡು ಎತ್ತಿದ್ದವರು ಉಣುಗನ್ನು ಎರಡು ಬೆರಳಲ್ಲಿ ಹೆಕ್ಕಿ ಕಲ್ಲಿನ ಮೇಲಿಟ್ಟು ಒರೆಸಿದರು.

ಆ ರಾತ್ರಿ ಜೋಧಪುರದ ರೈಲಿನಲ್ಲಿ ಬೂಟು ಬಿಚ್ಚಿದೆ. ಬಲಗಾಲಿನ ಕಾಲ್ಚೀಲದ ಹೊಲಿಗೆಯಲ್ಲಿ ಗಸಗಸೆಗಿಂತ ಚಿಕ್ಕದೊಂದು ಚುಕ್ಕೆ ಹರಿದಾಡುತ್ತಿತ್ತು. ಎದುರು ಸೀಟಿನವರು ನೋಡುತ್ತಿದ್ದರೂ ಭೂತಗನ್ನಡಿ ತೆಗೆದು ಬಗ್ಗಿದೆ. ಆರು ಕಾಲು. ಮೀಸೆ ಹುಡುಕಿದೆ. ಇರಲಿಲ್ಲ. ಕಾಲ್ಚೀಲ ಬಿಚ್ಚಿ, ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ, ಎರಡು ಗಂಟು ಬಿಗಿದೆ.